ಊಟವನ್ನು ಟಿಕೆಟ್ಟಿನಲ್ಲೇ ಸೇರಿಸಿ ಕೊಡುವ ಕ್ರೂಸ್ ಹಡಗಿನವರಿಗೆ ಲಾಭ ಎಲ್ಲಿಂದ ಬರುತ್ತದೆ?

ಹನುಮಂತನಗರ ಹೋಟೆಲ್

ನಮಸ್ಕಾರ. ನಾನು ಹನುಮಂತನಗರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ದರ್ಶಿನಿ ನಡೆಸುತ್ತಿದ್ದೇನೆ. ಬೆಳಿಗ್ಗೆ ಐದಕ್ಕೆ ಷಟರ್ ಎತ್ತುವವನೂ ನಾನೇ, ರಾತ್ರಿ ಹತ್ತಕ್ಕೆ ಗಲ್ಲಾ ಎಣಿಸುವವನೂ ನಾನೇ. ಮದುವೆಯಾಗಿ ಮೂವತ್ತು ವರ್ಷವಾಯಿತೆಂದು ಮಗಳು ಈ ಸಲ ನಮ್ಮಿಬ್ಬರನ್ನು ಹಟ ಹಿಡಿದು ಸಿಂಗಪುರದಿಂದ ಹೊರಡುವ ನಾಲ್ಕು ರಾತ್ರಿಯ ಕ್ರೂಸ್‌ಗೆ ಕಳುಹಿಸಿದಳು. ಪೆನಾಂಗ್, ಫುಕೆಟ್ ನೋಡಿಕೊಂಡು ಬಂದೆವು.

ಹೆಂಡತಿ ಸಮುದ್ರ ನೋಡಿದಳು, ನಾನು ಬಫೆ ನೋಡಿದೆ. ಬೆಳಿಗ್ಗೆ ಆರೂವರೆಗೆ ತೆರೆದ ಸಾಲು ನಡುರಾತ್ರಿಯವರೆಗೂ ಮುಚ್ಚಲಿಲ್ಲ. ಮೊಟ್ಟೆ ಮಾಡಿಕೊಡುವ ಕಡೆ ನಾಲ್ಕು ಒಲೆ, ಎದುರಿಗೆ ಹಣ್ಣು, ಅದರ ಪಕ್ಕದಲ್ಲಿ ನಮ್ಮ ಕಡೆಯ ದೋಸೆ, ಸಾಂಬಾರು. ಎಷ್ಟು ಸಲ ತಟ್ಟೆ ಹಿಡಿದು ಹೋದರೂ ಯಾರೂ ಕೇಳುವುದಿಲ್ಲ. ನನ್ನ ಹೋಟೆಲಿನಲ್ಲಿ ಎರಡನೇ ಸಲ ಚಟ್ನಿ ಹಾಕುವಾಗಲೇ ತೆಂಗಿನಕಾಯಿಯ ದರ ಕಣ್ಣ ಮುಂದೆ ಬರುತ್ತದೆ.

ಇಬ್ಬರಿಗೆ ಮಗಳು ಕೊಟ್ಟದ್ದು 92,000 ರೂಪಾಯಿ. ಅಂದರೆ ಒಬ್ಬರಿಗೆ ಒಂದು ರಾತ್ರಿಗೆ 11,500. ಅದರಲ್ಲಿ ಕೋಣೆ, ಹೊತ್ತುಹೊತ್ತಿಗೆ ಊಟ, ರಾತ್ರಿ ನಾಟಕಶಾಲೆಯಲ್ಲಿ ಪ್ರದರ್ಶನ, ಈಜುಕೊಳ, ಇಷ್ಟರ ಮೇಲೆ ಇಡೀ ಕಟ್ಟಡವೇ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಚಲಿಸುತ್ತದೆ. ಮೂರು ದಿನ ತಲೆಯಲ್ಲೇ ಲೆಕ್ಕ ಹಾಕಿದೆ, ಗಿಟ್ಟಲಿಲ್ಲ.

ಕೊನೆಯ ರಾತ್ರಿ ಕೋಣೆಯ ಟಿವಿಯಲ್ಲಿ ನಮ್ಮ ಬಿಲ್ ತೆಗೆದು ನೋಡಿದೆ. 412 ಡಾಲರ್. ಸೇವಾ ಭಕ್ಷೀಸು 144, ಇಂಟರ್‌ನೆಟ್ 80, ಪೆನಾಂಗಿನಲ್ಲಿ ಬಸ್ಸಿನಲ್ಲಿ ಊರು ತೋರಿಸಿದ್ದಕ್ಕೆ 112, ಫೋಟೋಗೆ 30, ಹಣ್ಣಿನ ರಸ, ಕಾಫಿ ಇತ್ಯಾದಿಗೆ 46. ಸುಮಾರು 35,000 ರೂಪಾಯಿ. ನಾವು ಕುಡಿಯುವವರಲ್ಲ, ಕ್ಯಾಸಿನೋ ಕಡೆ ತಲೆ ಹಾಕಿದವರೂ ಅಲ್ಲ. ಆದರೂ ಇಷ್ಟಾಯಿತು.

ದರ್ಶಿನಿ ವ್ಯಾಪಾರದಲ್ಲಿ ಒಂದು ಮಾತಿದೆ. ಇಡ್ಲಿ ಗಿರಾಕಿಯನ್ನು ಒಳಗೆ ಕರೆಯುತ್ತದೆ, ಕಾಫಿ ಬಾಡಿಗೆ ಕಟ್ಟುತ್ತದೆ. ಹಡಗಿನಲ್ಲಿ ಆ ಕಾಫಿ ಯಾವುದು? ಟಿಕೆಟ್ಟಿನ ದುಡ್ಡಿನಲ್ಲಿ ಅವರ ಖರ್ಚು ಹುಟ್ಟುತ್ತದೆಯೇ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು. ಊರಿಗೆ ಬಂದು ಎರಡು ವಾರವಾದರೂ ಇದು ತಲೆಯಿಂದ ಹೋಗುತ್ತಿಲ್ಲ.

ಮಲ್ಲೇಶ್ವರ ಲೆಕ್ಕಿಗ

ಸರ್, ನೀವು ಕಾಫಿಯನ್ನು ಆಗಲೇ ಕಂಡುಹಿಡಿದಿದ್ದೀರಿ. ಆ 412 ಡಾಲರೇ ಅದು.

ನಾನು ವೃತ್ತಿಯಿಂದ ಲೆಕ್ಕ ಪರಿಶೋಧಕ. ನೀವು ಹೋದ ಹಡಗು ಯಾವ ಕಂಪನಿಯದೋ ತಿಳಿಯದು. ಅದಕ್ಕೆ ಈ ವ್ಯಾಪಾರದಲ್ಲಿ ಅತಿ ದೊಡ್ಡದಾದ ಕಾರ್ನಿವಲ್ ಕಾರ್ಪೊರೇಷನ್ನಿನ 2024ರ ಲೆಕ್ಕವನ್ನು ತೆಗೆದುಕೊಳ್ಳುತ್ತೇನೆ. ಅದರ ಲೆಕ್ಕದ ವರ್ಷ ನವೆಂಬರ್ 30ಕ್ಕೆ ಮುಗಿಯುತ್ತದೆ. ಆ ವರ್ಷ ಸುಮಾರು 1.35 ಕೋಟಿ ಜನ ಅದರ ಹಡಗುಗಳಲ್ಲಿ ಪ್ರಯಾಣ ಮಾಡಿದರು. ಆದಾಯ ಸುಮಾರು 2,500 ಕೋಟಿ ಡಾಲರ್. ಇದರಲ್ಲಿ ಟಿಕೆಟ್ಟಿನಿಂದ ಬಂದದ್ದು 1,646 ಕೋಟಿ, ಹಡಗಿನೊಳಗಿನ ಮಾರಾಟ ಮುಂತಾದವುಗಳಿಂದ ಬಂದದ್ದು 856 ಕೋಟಿ.

ಕೋಟಿಗಳಲ್ಲಿ ಹೇಳಿದರೆ ಮನಸ್ಸಿಗೆ ನಾಟುವುದಿಲ್ಲ, ತಲೆಗೆ ಹಂಚೋಣ. ಒಬ್ಬ ಪ್ರಯಾಣಿಕ ಟಿಕೆಟ್ಟಿಗೆ ಸುಮಾರು 1,220 ಡಾಲರ್ ಕೊಟ್ಟ, ಒಳಗೆ ಸುಮಾರು 630 ಖರ್ಚು ಮಾಡಿದ. ಅವನ ಊಟಕ್ಕೆ ಕಂಪನಿ ಮಾಡಿದ ಖರ್ಚು ಎಷ್ಟು ಗೊತ್ತೇ? ಇಡೀ ಪ್ರಯಾಣಕ್ಕೆ ಸುಮಾರು 108 ಡಾಲರ್. ನೀವು ಮೂರು ದಿನ ದಿಟ್ಟಿಸಿದ ಬಫೆ ಅವರಿಗೆ ಬಲು ಚಿಕ್ಕ ಬಾಬತ್ತು. ಇಂಧನಕ್ಕೆ ಸುಮಾರು 150, ಹಡಗಿನ ಸಿಬ್ಬಂದಿಗೆ ಸುಮಾರು 180, ಏಜೆಂಟರ ಕಮಿಷನ್, ವಿಮಾನ ಮುಂತಾದ್ದಕ್ಕೆ 240. ಹಡಗುಗಳ ಸವಕಳಿಗೆ, ಅಂದರೆ ಹಳೆಯದಾಗುತ್ತ ಅವುಗಳ ಬೆಲೆ ಇಳಿಯುವುದಕ್ಕೆ, ಸುಮಾರು 190. ಬಂದರಿನ ಶುಲ್ಕ, ರಿಪೇರಿ, ಜಾಹೀರಾತು, ಕಚೇರಿ ಎಲ್ಲ ಕಳೆದು, ಸಾಲದ ಬಡ್ಡಿಗೆ 130 ಕೊಟ್ಟ ಮೇಲೆ ಕೈಯಲ್ಲಿ ಉಳಿದದ್ದು ಸುಮಾರು 142 ಡಾಲರ್.

ಒಳಗೆ ಖರ್ಚಾದ ಆ 630 ಡಾಲರನ್ನು ನೋಡಿ. ಅದಕ್ಕೆ ನೇರವಾಗಿ ತಗುಲಿದ ವೆಚ್ಚ ಸುಮಾರು 200 ಮಾತ್ರ. ಬಡಿಸುವವರ ಸಂಬಳ ಬೇರೆ ತಲೆಬರಹದಲ್ಲಿ ಇರುವುದರಿಂದ ಉಳಿದದ್ದನ್ನೆಲ್ಲ ಲಾಭ ಎನ್ನಲಾಗದು. ಆದರೂ ಆ ದುಡ್ಡಿಲ್ಲದಿದ್ದರೆ ಟಿಕೆಟ್ಟಿನ ಹಣವೊಂದರಿಂದ ಕಂಪನಿ ದೊಡ್ಡ ನಷ್ಟಕ್ಕೆ ಬೀಳುತ್ತಿತ್ತು. ನೀವು ಕೇಳಿದ ಎರಡನೇ ಪ್ರಶ್ನೆಗೆ ಇದೇ ಉತ್ತರ. ನಿಮ್ಮ ಮನೆಯ ಲೆಕ್ಕದಲ್ಲಿ ಒಟ್ಟು ಖರ್ಚಿನ ನೂರಕ್ಕೆ ಸುಮಾರು 28 ಹಡಗಿನೊಳಗೆ ಆಯಿತು. ಅವರ ಸರಾಸರಿ ನೂರಕ್ಕೆ 34. ಕುಡಿಯದೆ, ಜೂಜಾಡದೆ ನೀವು ಸರಾಸರಿಯ ಹತ್ತಿರ ಹೋಗಿದ್ದೀರಿ!

ಇನ್ನು ಮೂರು ವಿಷಯ ಹೇಳದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ.

ಒಂದು ಮುಂಗಡ. ನಿಮ್ಮ ಮಗಳು ತಿಂಗಳುಗಳ ಮೊದಲೇ ಹಣ ಕಟ್ಟಿರುತ್ತಾಳೆ. ಹಾಗೆ ಕಟ್ಟಿ, ಇನ್ನೂ ಹಡಗು ಹತ್ತದವರ ಹಣ 2024ರ ಕೊನೆಗೆ ಕಾರ್ನಿವಲ್ ಬಳಿ ಸುಮಾರು 680 ಕೋಟಿ ಡಾಲರ್ ಇತ್ತು. ಬಡ್ಡಿಯಿಲ್ಲದ ಹಣ. ನಮ್ಮೂರಿನ ಮನೆ ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಇಟ್ಟುಕೊಂಡ ಹಾಗೆ.

ಇನ್ನೊಂದು ತೆರಿಗೆ, ಮತ್ತು ಇದು ನನಗೆ ಸಿಟ್ಟು ತರಿಸುವ ವಿಷಯ. ಕಾರ್ನಿವಲ್‌ನ ಕಚೇರಿ ಮಯಾಮಿಯಲ್ಲಿ, ಆದರೆ 2024ರಲ್ಲಿ ಅದು ನೋಂದಣಿಯಾಗಿದ್ದುದು ಪನಾಮಾದಲ್ಲಿ. ಉಳಿದ ದೊಡ್ಡ ಕ್ರೂಸ್ ಕಂಪನಿಗಳಲ್ಲಿ ರಾಯಲ್ ಕೆರಿಬಿಯನ್ ಲೈಬೀರಿಯಾದಲ್ಲಿ, ನಾರ್ವೇಜಿಯನ್ ಬರ್ಮುಡಾದಲ್ಲಿ. ಹಡಗುಗಳು ಹಾರಿಸುವುದು ಬಹಾಮಾಸ್, ಪನಾಮಾ, ಮಾಲ್ಟಾ ಮುಂತಾದ ದೇಶಗಳ ಬಾವುಟ. ಅಂತರರಾಷ್ಟ್ರೀಯ ಹಡಗು ಸಂಚಾರದಿಂದ ವಿದೇಶಿ ಕಂಪನಿಗಳಿಗೆ ಬರುವ ಆದಾಯಕ್ಕೆ ಅಮೆರಿಕದ ತೆರಿಗೆ ಕಾನೂನಿನ 883ನೇ ಕಲಂ ವಿನಾಯಿತಿ ಕೊಡುತ್ತದೆ. ಆದ್ದರಿಂದ ಸುಮಾರು 190 ಕೋಟಿ ಡಾಲರ್ ಲಾಭದ ಮೇಲೆ ಕಟ್ಟಿದ ಆದಾಯ ತೆರಿಗೆ ಲೆಕ್ಕಕ್ಕೇ ಬಾರದಷ್ಟು ಅಲ್ಪ. ಕಾನೂನುಬದ್ಧವೇ, ಒಪ್ಪುತ್ತೇನೆ. ಆದರೆ ನಿಮ್ಮಂಥವರು ಮುಂಗಡ ತೆರಿಗೆಯ ಕಂತು ಕಟ್ಟಲು ಪರದಾಡುವುದನ್ನು ವರ್ಷಕ್ಕೆ ನಾಲ್ಕು ಸಲ ನೋಡುವ ನನಗೆ ಇದನ್ನು ನ್ಯಾಯ ಎನ್ನಲು ಬಾಯಿ ಬರುವುದಿಲ್ಲ.

ಕೊನೆಯದು ಸಾಲ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಹಡಗುಗಳೆಲ್ಲ ಲಂಗರು ಹಾಕಿದವು. ಗಿರಾಕಿಯಿಲ್ಲದಿದ್ದರೂ ಹಡಗಿನ ಎಂಜಿನ್, ವಿದ್ಯುತ್ತು, ಕಾಯುವ ಸಿಬ್ಬಂದಿಯ ಖರ್ಚು ನಿಲ್ಲುವುದಿಲ್ಲ. ಮುಂಗಡವನ್ನೂ ಹಿಂದಿರುಗಿಸಬೇಕಾಯಿತು. ಆ ಏಪ್ರಿಲ್‌ನಲ್ಲಿ ಕಾರ್ನಿವಲ್ 11.5 ಪ್ರತಿಶತ ಬಡ್ಡಿಗೆ 400 ಕೋಟಿ ಡಾಲರ್ ಎತ್ತಿತು, ಹಡಗುಗಳನ್ನೇ ಆಧಾರವಾಗಿ ಇಟ್ಟು. ಮೂರು ವರ್ಷಗಳಲ್ಲಿ ಆದ ನಷ್ಟ 2,500 ಕೋಟಿ ಡಾಲರ್ ದಾಟಿತು. ಈಗಿನ ಲಾಭ ನೋಡಿ ಶೇರು ಕೊಳ್ಳಲು ಹೊರಡುವವರು ಆ ಮೂರು ವರ್ಷಗಳ ಲೆಕ್ಕವನ್ನೂ ಎದುರಿಗೆ ಇಟ್ಟುಕೊಳ್ಳಿ.

ಸುರತ್ಕಲ್ ಕಡೆಯವ

ಲೆಕ್ಕಿಗರು ಹೇಳಿದ ಆ 108 ಡಾಲರ್‌ನ ಒಳಗೆ ಎಂಟು ವರ್ಷ ಬದುಕಿದವನು ನಾನು. ಊರು ಸುರತ್ಕಲ್, ಈಗ ವಿಜಯನಗರದಲ್ಲಿ ಅಡುಗೆ ಗುತ್ತಿಗೆ ಮಾಡುತ್ತಿದ್ದೇನೆ. ಎರಡು ವಿದೇಶಿ ಕಂಪನಿಗಳ ಹಡಗುಗಳಲ್ಲಿ ಕೆಲಸ ಮಾಡಿದ್ದೇನೆ. ಮೊದಲು ತರಕಾರಿ ಕೋಣೆ, ಆಮೇಲೆ ದಾಸ್ತಾನು ಕಚೇರಿ.

ಹೋಟೆಲಿನವರೇ, ನೀವು ಬಫೆಯ ಈಚೆ ಬದಿ ನೋಡಿದಿರಿ. ಆಚೆ ಬದಿಯಲ್ಲಿ ಒಂದು ಕಾಳೂ ಲೆಕ್ಕವಿಲ್ಲದೆ ಹೊರಗೆ ಬರುವುದಿಲ್ಲ. ನಮ್ಮ ಹಡಗಿನಲ್ಲಿ ನಿನ್ನೆ ಎಷ್ಟು ಮೊಟ್ಟೆ ಹೋಯಿತು, ಯಾವ ದೇಶದ ಜನ ಹೆಚ್ಚು, ನಾಳೆ ಸಮುದ್ರದ ದಿನವೋ ಬಂದರಿನ ದಿನವೋ ಎಲ್ಲವನ್ನೂ ನೋಡಿ ರಾತ್ರಿಯೇ ಚೀಟಿ ಬರುತ್ತಿತ್ತು. ಬಂದರಿನ ದಿನ ಮಧ್ಯಾಹ್ನಕ್ಕೆ ಅರ್ಧ ಜನ ಇರುವುದಿಲ್ಲ, ಅಡುಗೆಯೂ ಅಷ್ಟೇ. ಬ್ರೆಡ್ಡು, ಆಲೂಗೆಡ್ಡೆ, ಅನ್ನ, ನೂಡಲ್ಸ್ ಸಾಲಿನ ಮೊದಲಿಗೆ. ಮಾಂಸ ಕೊನೆಗೆ, ಅಲ್ಲಿ ಕತ್ತರಿಸಿ ಕೊಡಲು ಒಬ್ಬ ನಿಂತಿರುತ್ತಾನೆ. ತಟ್ಟೆಯಲ್ಲಿ ಬಿಟ್ಟದ್ದನ್ನು ನಾವು ತೂಕ ಹಾಕಿ ಬರೆದಿಡುತ್ತಿದ್ದೆವು. ಬಟ್ಟಲಲ್ಲಿ ಉಳಿದ ಸಾಂಬಾರಿನ ಬಗ್ಗೆ ಯೋಚಿಸುವುದು ನೀವೊಬ್ಬರೇ ಅಲ್ಲ.

ಹಡಗು ಹೊರಡುವ ಬಂದರಿನಲ್ಲಿ ಒಂದು ಹಗಲು ಕಣ್ಣಾರೆ ಕಂಡರೆ ಈ ವ್ಯಾಪಾರ ಅರ್ಥವಾಗುತ್ತದೆ. ಬೆಳಿಗ್ಗೆ ಮೂರು ಸಾವಿರ ಜನ ಇಳಿಯುತ್ತಾರೆ, ಸಂಜೆಗೆ ಇನ್ನೊಂದು ಮೂರು ಸಾವಿರ ಹತ್ತಿರುತ್ತಾರೆ. ನಡುವೆ ಎಂಟು ಹತ್ತು ಗಂಟೆ. ಪಕ್ಕದ ಬಾಗಿಲಿನಿಂದ ಫೋರ್ಕ್‌ಲಿಫ್ಟ್‌ಗಳು ಒಂದೇ ಸಮನೆ ಹಲಗೆಗಳ ಮೇಲೆ ಪೇರಿಸಿದ ಸರಕು ತರುತ್ತವೆ. ಹಾಲು, ಹಿಟ್ಟು, ಲೆಟಿಸ್ ಎಲೆ. ನನ್ನ ಕೈಯಲ್ಲಿ ಉಷ್ಣಮಾಪಕ. ತಣ್ಣಗಿಲ್ಲದ ಕೋಳಿ ಬಂದರೆ ವಾಪಸ್, ಆದರೆ ಬದಲಿ ತರಿಸಲು ಸಮಯವಿಲ್ಲ. ಕೆಳಗಿನ ಅಂತಸ್ತಿನಲ್ಲಿ ಹಡಗಿನ ಉದ್ದಕ್ಕೂ ಸಿಬ್ಬಂದಿ ಓಡಾಡುವ ಒಂದು ಓಣಿ ಇರುತ್ತದೆ. ಅಮೆರಿಕದ ಹೆದ್ದಾರಿಯ ಹೆಸರನ್ನೇ ಇಟ್ಟು ಅದನ್ನು 'ಐ-95' ಎಂದು ಕರೆಯುತ್ತಾರೆ. ಆ ದಿನ ಅಲ್ಲಿ ನಮ್ಮ ಮಾರುಕಟ್ಟೆಯ ಅವೆನ್ಯೂ ರಸ್ತೆಯಷ್ಟು ನೂಕುನುಗ್ಗಲು. ಹಾಸಿಗೆ ಒಂದು ರಾತ್ರಿಯೂ ಖಾಲಿ ಇರಬಾರದು, ಅದಕ್ಕೇ ಇಷ್ಟು ಓಟ. ನಿಮ್ಮಲ್ಲಿ ಸಂಜೆ ಉಳಿದ ಇಡ್ಲಿಯನ್ನು ಉಪ್ಪಿಟ್ಟು ಮಾಡಬಹುದು. ಹಡಗು ಹೊರಟ ಮೇಲೆ ಖಾಲಿ ಉಳಿದ ಕೋಣೆಯಿಂದ ಏನೂ ಮಾಡಲು ಬರುವುದಿಲ್ಲ. ಅಗ್ಗಕ್ಕಾದರೂ ಕೊಟ್ಟು ತುಂಬಿಸುತ್ತಾರೆ, ಒಳಗೆ ಬಂದವನು ಏನಾದರೂ ಕೊಳ್ಳದೆ ಇರುವುದಿಲ್ಲ. ಕೋಣೆಗೆ ಇಬ್ಬರೆಂದು ಲೆಕ್ಕ ಹಿಡಿಯುವುದರಿಂದ, ಮಕ್ಕಳ ಹಾಸಿಗೆಯೂ ಸೇರಿ ನೂರಕ್ಕೆ ನೂರೈದು ಭರ್ತಿ ಎನ್ನುವುದು ಅಲ್ಲಿ ಸಾಮಾನ್ಯ ಮಾತು.

ಕ್ಯಾಸಿನೋ, ಅಂಗಡಿಗಳನ್ನು ಬಂದರಿನಲ್ಲಿ ಮುಚ್ಚಿರುತ್ತಾರೆ, ದಡದಿಂದ ದೂರ ಹೋದ ಮೇಲೆ ತೆರೆಯುತ್ತಾರೆ. ಅದಕ್ಕೇ ಸಮುದ್ರದ ದಿನ ಕಂಪನಿಗೆ ಇಷ್ಟ. ಇಳಿಯುವ ಊರಿನಲ್ಲಿ ದುಡ್ಡು ಬೇರೆಯವರ ಪಾಲಾಗುತ್ತದೆಂದು ದ್ವೀಪಗಳನ್ನೇ ಹಿಡಿದರು. ರಾಯಲ್ ಕೆರಿಬಿಯನ್ 2019ರಲ್ಲಿ ಬಹಾಮಾಸ್‌ನ ಕೋಕೋಕೇ ಎಂಬ ಪುಟ್ಟ ದ್ವೀಪವನ್ನು 25 ಕೋಟಿ ಡಾಲರ್ ಸುರಿದು ಹೊಸದಾಗಿ ಕಟ್ಟಿತು. ಅಲ್ಲಿ ನೀರಿನ ಜಾರುಬಂಡೆಗೂ ಅವರದೇ ಟಿಕೆಟ್ಟು.

ನಮ್ಮ ನವಮಂಗಳೂರು ಬಂದರಿಗೂ ಮಳೆಗಾಲ ಮುಗಿದ ಮೇಲೆ ವಿದೇಶಿ ಹಡಗುಗಳು ಬರುತ್ತವೆ. ಜನ ಬೆಳಿಗ್ಗೆ ಇಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕದ್ರಿ, ಕುದ್ರೋಳಿ, ಗೋಡಂಬಿ ಕಾರ್ಖಾನೆ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಊಟಕ್ಕೆ ಹಡಗಿಗೇ ಹೋಗುತ್ತಾರೆ, ಮಲಗುವುದೂ ಅಲ್ಲೇ. ಊರಿಗೆ ಸಿಗುವುದು ಬಸ್ಸಿನ ಬಾಡಿಗೆ, ಒಂದಿಷ್ಟು ಗೋಡಂಬಿ ವ್ಯಾಪಾರ. ಆದರೂ ಸಿಗಲಿ ಎನ್ನುವವನು ನಾನು. ನನ್ನ ಚಿಕ್ಕಪ್ಪನ ಎರಡು ಟೆಂಪೋ ಟ್ರಾವೆಲರ್ ಆ ದಿನಗಳಲ್ಲಿ ಓಡುತ್ತವೆ.

ಜಯನಗರ ಟ್ರಾವೆಲ್ಸ್

ಏಜೆಂಟನ ಕಡೆಯಿಂದ ಒಂದು ಮಾತು. ಟಿಕೆಟ್ಟಿನ ಪೂರ್ತಿ ಬೆಲೆಯ ಮೇಲೆ ನಮಗೆ ಕಮಿಷನ್ ಸಿಗುವುದಿಲ್ಲ. ತೆರಿಗೆ, ಬಂದರು ಶುಲ್ಕ ಮತ್ತು ಇನ್ನೊಂದು ಭಾಗವನ್ನು ಹೊರಗಿಟ್ಟು ಉಳಿದದ್ದಕ್ಕೆ ಕೊಡುತ್ತಾರೆ.

ನಮ್ಮ ದೇಶದಲ್ಲಿ ಈ ವ್ಯಾಪಾರ ಎಷ್ಟು ಕಷ್ಟ ಎನ್ನುವುದಕ್ಕೆ 'ಕರ್ಣಿಕಾ' ಹಡಗೇ ಸಾಕ್ಷಿ. 1990ರಲ್ಲಿ ಇಟಲಿಯಲ್ಲಿ ಕಟ್ಟಿದ ಹಡಗು. ಜಲೇಶ್ ಕ್ರೂಸಸ್ 2019ರ ಏಪ್ರಿಲ್‌ನಲ್ಲಿ ಮುಂಬೈಯಿಂದ ಓಡಿಸಲು ಶುರು ಮಾಡಿತು. ಒಂದು ವರ್ಷ ತುಂಬುವುದರೊಳಗೆ ಕೊರೋನಾ. 2020ರ ಅಕ್ಟೋಬರ್‌ನಲ್ಲಿ ಕಂಪನಿ ಬಾಗಿಲು ಹಾಕಿತು, ಹಡಗು ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಹೋಯಿತು. ಆಮೇಲೆ 2021ರಲ್ಲಿ ಕಾರ್ಡೀಲಿಯಾ ಎಂಬ ಕಂಪನಿಯ 'ಎಂಪ್ರೆಸ್' ಹಡಗು ಬಂತು, ಅದೂ 1990ರದೇ. ಹಳೆಯ ಹಡಗಿಗೆ ಬಂಡವಾಳ ಕಡಿಮೆ, ಸಾಲದ ಕಂತು ಕಡಿಮೆ. ಹೊಸದೆಂದರೆ 2024ರಲ್ಲಿ ಹೊರಟ 'ಐಕಾನ್ ಆಫ್ ದ ಸೀಸ್' ಒಂದಕ್ಕೇ ಸುಮಾರು 200 ಕೋಟಿ ಡಾಲರ್. ಅಷ್ಟು ಹಾಕಿ ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಅಲೆಗಳನ್ನು ನೋಡುತ್ತಾ ಕೂರಲು ಯಾರಿಗೆ ಸಾಧ್ಯ?

ನಾಗರಭಾವಿ ತಂದೆ

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ್ದಾನೆ. ಹಡಗಿನಲ್ಲಿ ಕೆಲಸ ಕೊಡಿಸುತ್ತೇವೆಂದು ಒಬ್ಬ ಏಜೆಂಟ್ ಎರಡೂವರೆ ಲಕ್ಷ ಕೇಳುತ್ತಿದ್ದಾನೆ. ಸುರತ್ಕಲ್‌ನವರೇ, ಕೊಡಬಹುದೇ?

ಸುರತ್ಕಲ್ ಕಡೆಯವ

ಬೇಡ ಮಾರಾಯರೇ, ಒಂದು ರೂಪಾಯಿಯನ್ನೂ ಕೊಡಬೇಡಿ. ನಾವಿಕರಿಂದ ನೇಮಕಾತಿಗೆ ಹಣ ಪಡೆಯಬಾರದೆಂದು 2006ರ ಕಡಲ ಕಾರ್ಮಿಕ ಒಪ್ಪಂದ ಹೇಳುತ್ತದೆ, ಭಾರತವೂ ಅದಕ್ಕೆ ಸಹಿ ಹಾಕಿದೆ. ವೈದ್ಯಕೀಯ ತಪಾಸಣೆ, ಪಾಸ್‌ಪೋರ್ಟ್, ನಾವಿಕರ ಪುಸ್ತಕ ಇವುಗಳ ಖರ್ಚು ಮಾತ್ರ ನಿಮ್ಮದು. ಏಜೆಂಟನಿಗೆ ಹಡಗು ಸಂಚಾರ ಮಹಾನಿರ್ದೇಶನಾಲಯದ ನೇಮಕಾತಿ ಪರವಾನಗಿ ಇದೆಯೇ ಎಂದು ಅವರ ಜಾಲತಾಣದಲ್ಲಿ ನೋಡಿ. ನನ್ನ ಮೊದಲ ಸಲ ಅಮ್ಮನ ಬಳೆ ಅಡವಿಟ್ಟು ಒಬ್ಬನಿಗೆ ಒಂದು ಲಕ್ಷ ಕೊಟ್ಟಿದ್ದೆ. ಅವನ ಅಂಗಡಿ ಎರಡು ತಿಂಗಳಲ್ಲಿ ಮುಚ್ಚಿತು. ಆಮೇಲೆ ಸರಿಯಾದ ದಾರಿಯಲ್ಲಿ, ಹಣ ಕೊಡದೆ ಹೋದೆ.

ಮಗನಿಗೆ ಹೀಗೂ ಹೇಳಿ. ಕೆಲಸ ದಿನಕ್ಕೆ ಹತ್ತು ಹನ್ನೊಂದು ಗಂಟೆ, ವಾರದ ರಜೆ ಎನ್ನುವುದಿಲ್ಲ, ಆರರಿಂದ ಒಂಬತ್ತು ತಿಂಗಳು. ಕಿಟಕಿಯಿಲ್ಲದ ಕೋಣೆಯಲ್ಲಿ ಇಬ್ಬರು. ನನ್ನ ತಂಗಿಯ ಮದುವೆಯನ್ನು ಫೋನಿನಲ್ಲಿ ನೋಡಿದೆ, ಅದೂ ತಾಳಿ ಕಟ್ಟುವ ಹೊತ್ತಿಗೆ ಕಡಿದುಹೋಯಿತು. ಆದರೆ ಊಟ, ವಸತಿಗೆ ಖರ್ಚಿಲ್ಲ. ಸುರತ್ಕಲ್‌ನ ಮನೆಯ ಮಾಡು ಆ ದುಡ್ಡಿನದು.

ಬಡಿಸುವವರಿಗೆ, ಕೋಣೆ ನೋಡಿಕೊಳ್ಳುವವರಿಗೆ ಗಳಿಕೆಯ ದೊಡ್ಡ ಪಾಲು ಆ ಸೇವಾ ಭಕ್ಷೀಸಿನದು. ಹೋಟೆಲಿನವರ ಬಿಲ್ಲಿನಲ್ಲಿ 144 ಡಾಲರ್ ಇತ್ತಲ್ಲ, ಅದು. ಕಂಪನಿ ಸಂಬಳದ ಭಾರವನ್ನು ಪ್ರಯಾಣಿಕರ ಮೇಲೆ ಹಾಕುವ ದಾರಿ ಇದು ಎಂದರೆ ನಾನು ಇಲ್ಲ ಎನ್ನುವುದಿಲ್ಲ. ಆದರೆ ಕೊನೆಯ ರಾತ್ರಿ ಕೌಂಟರಿನ ಮುಂದೆ ಸಾಲು ನಿಂತು ಅದನ್ನು ತೆಗೆಸುವವರನ್ನು ಕಂಡಾಗ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಅದರಿಂದ ಕಂಪನಿಗೆ ನೋವಾಗುವುದಿಲ್ಲ.

ಹನುಮಂತನಗರ ಹೋಟೆಲ್

ಎಲ್ಲರಿಗೂ ಕೈ ಮುಗಿಯುತ್ತೇನೆ. ಲೆಕ್ಕಿಗರ ತಲೆಲೆಕ್ಕವನ್ನು ಕಾಗದದ ಮೇಲೆ ಬರೆದು ಗಲ್ಲಾದ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ನನ್ನ ಲೆಕ್ಕ ಗಿಟ್ಟದಿದ್ದುದು ಏಕೆಂದು ಈಗ ಗೊತ್ತಾಯಿತು. ನಾನು ಬಫೆಯಿಂದ ಶುರು ಮಾಡಿದ್ದೆ, ಹಾಸಿಗೆಯಿಂದ ಶುರು ಮಾಡಬೇಕಿತ್ತು.

ಒಂದು ವಿಷಯ ಮೊದಲ ಬರಹದಲ್ಲಿ ಬರೆಯಲಿಲ್ಲ. ಕೊನೆಯ ರಾತ್ರಿ ಆ ಸಾಲಿನಲ್ಲಿ ನಾನೂ ನಿಂತಿದ್ದೆ. ಜೊತೆಗಿದ್ದ ಒಬ್ಬರು, ಕಡ್ಡಾಯವಲ್ಲ, ತೆಗೆಸಬಹುದು ಎಂದರು. 144ರಲ್ಲಿ 72 ತೆಗೆಸಿದೆ. ನಮ್ಮ ಕೋಣೆಯ ಹುಡುಗ ಇಂಡೊನೇಷ್ಯಾದವನು. ಮೊದಲ ದಿನ ನನ್ನ ಹೆಂಡತಿ ಮಾತ್ರೆ ನುಂಗಲು ಬಿಸಿನೀರು ಕೇಳಿದಳು. ಆಮೇಲೆ ಕೇಳಲಿಲ್ಲ, ಆದರೆ ಪ್ರತಿ ಸಂಜೆ ಊಟ ಮುಗಿಸಿ ಬರುವ ಹೊತ್ತಿಗೆ ಮಂಚದ ಪಕ್ಕ ಫ್ಲಾಸ್ಕ್ ಇರುತ್ತಿತ್ತು. ಮುಚ್ಚಳ ತೆರೆದರೆ ಹೊಗೆಯಾಡುವಷ್ಟು ಬಿಸಿ. ನನ್ನಲ್ಲಿ ಹದಿನಾಲ್ಕು ಹುಡುಗರು ಕೆಲಸ ಮಾಡುತ್ತಾರೆ. ಹೀಗೆ ಕೇಳದೆ ನೆನಪಿಟ್ಟುಕೊಳ್ಳುವವನು ಎಷ್ಟು ಅಪರೂಪ ಎಂದು ನನಗೆ ಗೊತ್ತು. ಆ 72 ಡಾಲರ್ ಅವನಿಗೆ ಕಳುಹಿಸಲು ದಾರಿ ಇದೆಯೇ?

ಸುರತ್ಕಲ್ ಕಡೆಯವ

ಹಣ ಕಳುಹಿಸುವುದು ಕಷ್ಟ ಸರ್. ಆ ಭಕ್ಷೀಸು ಹಲವರಿಗೆ ಹಂಚಿ ಹೋಗುವಂಥದ್ದು. ಆದರೆ ಪ್ರಯಾಣ ಮುಗಿದ ಮೇಲೆ ಕಂಪನಿಯಿಂದ ಅಭಿಪ್ರಾಯ ಕೇಳಿ ಮಿಂಚಂಚೆ ಬಂದಿರುತ್ತದೆ. ಅದರಲ್ಲಿ ಅವನ ಹೆಸರು, ಕೋಣೆಯ ಸಂಖ್ಯೆ, ಬಿಸಿನೀರಿನ ವಿಷಯ ಬರೆಯಿರಿ. ನಮ್ಮ ಹಡಗಿನಲ್ಲಿ ಅಂಥ ಪತ್ರಗಳನ್ನು ಮೇಲಧಿಕಾರಿ ಎಲ್ಲರ ಮುಂದೆ ಓದುತ್ತಿದ್ದರು, ಬಡ್ತಿಯ ಸಮಯದಲ್ಲಿ ತೆಗೆದು ನೋಡುತ್ತಿದ್ದರು. ನನ್ನ ಹೆಸರು ಎರಡು ಸಲ ಬಂದಿತ್ತು. ಎರಡನ್ನೂ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದೇನೆ.

ಹನುಮಂತನಗರ ಹೋಟೆಲ್

ಮಿಂಚಂಚೆ ಮಗಳ ಹೆಸರಿಗೆ ಬಂದಿತ್ತು, ಅವಳು ತೆರೆದಿರಲಿಲ್ಲ. ಭಾನುವಾರ ಮಧ್ಯಾಹ್ನ ಇಬ್ಬರೂ ಕೂತು ಬರೆದೆವು. ನಾನು ಕನ್ನಡದಲ್ಲಿ ಹೇಳಿದೆ, ಅವಳು ಇಂಗ್ಲಿಷಿಗೆ ತಿರುಗಿಸಿದಳು. ಹೆಸರಿನ ಕಾಗುಣಿತ ತಪ್ಪಬಾರದೆಂದು ಕೋಣೆಯಲ್ಲಿ ಅವನು ಇಟ್ಟಿದ್ದ ಚೀಟಿಯನ್ನು ಹುಡುಕಿದೆವು, ಹೆಂಡತಿಯ ಮಾತ್ರೆ ಡಬ್ಬಿಯಲ್ಲಿ ಸಿಕ್ಕಿತು.